ಲಿಲ್ಲಿ ಹೂವಿನ ಹುಡುಗಿಯರು

ನಮ್ಮ ಲಕ್ಕೂರಿನ ಕಡೆ ಜಪಾನ್ ಅಂದ್ರೆ ನರಸಾಪುರದ ಹೋಂಡಾ ಫ್ಯಾಕ್ಟರಿ. ಸ್ಕೂಟರ್ ಬಿಟ್ಟರೆ ಜಪಾನಿನವರ ಇನ್ನೊಂದು ಸರಕಿಗೂ ಜಗತ್ತಿನ ತುಂಬ ಗಿರಾಕಿಗಳಿದ್ದಾರೆ. ಅದೇ ಮಾಂಗಾ... ಬಲದಿಂದ ಎಡಕ್ಕೆ ಓದೋ ಚಿತ್ರಕಥೆಗಳು. ಅದರಲ್ಲಿ 'ಯುರಿ' ಅಂತ ಒಂದು ಬಗೆ ಇದೆ. ಯುರಿ ಅಂದ್ರೆ ಲಿಲ್ಲಿ ಹೂವು. ಹುಡುಗಿ ಹುಡುಗಿಯನ್ನೇ ಪ್ರೀತಿಸೋ ಕಥೆಗಳಿಗೆ ಈ ಹೆಸರು.

ತಾಕಾಶಿ ಇಕೆದಾ ಅವರ 'ಸಸಮೇಕಿ ಕೋತೊ' (2007-2011) ತಗೊಳ್ಳಿ. ಸುಮಿಕಾ ಕರಾಟೆ ಕಲಿಸೋ ಮನೆಯ ಹುಡುಗಿ, ಒಳ್ಳೇ ಎತ್ತರ, ಓದಿನಲ್ಲೂ ಮುಂದು. ಅವಳಿಗೆ ಗೆಳತಿ ಉಶಿಯೊ ಮೇಲೆ ಮನಸ್ಸು. ಉಶಿಯೊಗೂ ಹುಡುಗಿಯರೇ ಇಷ್ಟ, ಆದ್ರೆ ಪುಟ್ಟಪುಟ್ಟಗೆ ಮುದ್ದಾಗಿರೋರು! ಪಕ್ಕದಲ್ಲೇ ಕೂತಿರೋ ಸುಮಿಕಾ ಮನಸ್ಸು ಅವಳಿಗೆ ಗೊತ್ತೇ ಆಗಲ್ಲ. ಓದ್ತಾ ಇದ್ರೆ ನಗು, ಜೊತೆಗೆ ಪಾಪ ಅನ್ಸುತ್ತೆ. ಇಷ್ಟು ಹಗುರವಾದ ಕಥೆ ಹೇಳೋದಕ್ಕೆ ಜಪಾನಿಗೇ ಹೆಚ್ಚುಕಡಿಮೆ ನೂರು ವರ್ಷ ಹಿಡೀತು ಅನ್ನೋದೇ ಸ್ವಾರಸ್ಯ.

1899ರಲ್ಲಿ ಜಪಾನ್ ಸರ್ಕಾರ ಪ್ರತಿ ಪ್ರಾಂತ್ಯದಲ್ಲೂ ಒಂದಾದರೂ ಹೆಣ್ಣುಮಕ್ಕಳ ಪ್ರೌಢಶಾಲೆ ಇರಬೇಕು ಅಂತ ಆದೇಶ ಮಾಡಿತು. ಹದಿಹರೆಯದ ಹುಡುಗಿಯರು ವರ್ಷಗಟ್ಟಲೆ ಒಟ್ಟಿಗೆ ಓದೋ ಹಾಗಾಯ್ತು. ದೊಡ್ಡ ಕ್ಲಾಸಿನ ಅಕ್ಕ, ಚಿಕ್ಕ ಕ್ಲಾಸಿನ ತಂಗಿ, ಇಬ್ಬರ ನಡುವೆ ಪತ್ರ, ಉಡುಗೊರೆ, ಮುನಿಸು... ಇದಕ್ಕೆ 'ಎಸ್' ಅಂತ ಗುಟ್ಟಿನ ಹೆಸರು. ಎಸ್ ಅಂದ್ರೆ ಸಿಸ್ಟರ್. ದೊಡ್ಡವರು ಇದನ್ನ ಸಹಿಸಿಕೊಂಡರು. ಯಾಕೆ ಅಂದ್ರೆ ಶಾಲೆ ಮುಗೀತು, ಮದುವೆ ಆಯ್ತು, ಎಲ್ಲ ಮರೆತುಹೋಗುತ್ತೆ ಅನ್ನೋ ಧೈರ್ಯ! ಎಲ್ಲರಿಗೂ ಹಾಗೆ ಮರೆಯೋಕೆ ಆಗಲಿಲ್ಲ. 1911ರಲ್ಲಿ ಟೋಕಿಯೋದ ಶಾಲೆಯೊಂದರಲ್ಲಿ ಜೊತೆಗೆ ಓದಿದ್ದ ಇಬ್ಬರು ಯುವತಿಯರು ನಿಗಾಟಾದ ಸಮುದ್ರತೀರದಲ್ಲಿ ಒಟ್ಟಿಗೆ ಪ್ರಾಣ ಬಿಟ್ಟರು. ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯಾಯ್ತು.

ಅದೇ ನಿಗಾಟಾದಲ್ಲಿ 1896ರಲ್ಲಿ ಹುಟ್ಟಿದವರು ನೊಬುಕೊ ಯೋಶಿಯಾ. 1916ರಿಂದ ಹುಡುಗಿಯರ ಪತ್ರಿಕೆಯಲ್ಲಿ 'ಹನ ಮೊನೊಗತಾರಿ' ಬರೆದರು, ಒಂದೊಂದು ಕಥೆಗೂ ಒಂದೊಂದು ಹೂವಿನ ಹೆಸರು. ಬಹುಪಾಲು ಅಗಲಿಕೆಯ ಕಥೆಗಳೇ. ಆದ್ರೆ ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರ 'ಕೆಲವು ಸಣ್ಣ ಕಥೆಗಳು' ಬಂದ 1920ರಲ್ಲೇ ಯೋಶಿಯಾ ಅವರ ಒಂದು ಕಾದಂಬರಿಯೂ ಬಂತು. ಅದರ ಕೊನೆಯಲ್ಲಿ ಇಬ್ಬರು ಹುಡುಗಿಯರು ಜೊತೆಗೇ ಬದುಕೋಣ ಅಂತ ತೀರ್ಮಾನ ಮಾಡ್ತಾರೆ. ಬರೆದ ಹಾಗೇ ಬದುಕಿದರು ಕೂಡ. 1923ರಲ್ಲಿ ಪರಿಚಯವಾದ ಚಿಯೊ ಮೊನ್ಮಾ ಅವರ ಬಾಳಸಂಗಾತಿ. ಇಬ್ಬರು ಹೆಂಗಸರ ಮದುವೆಗೆ ಕಾನೂನಿನಲ್ಲಿ ದಾರಿ ಇರಲಿಲ್ಲ. ಅದಕ್ಕೆ 1957ರಲ್ಲಿ ಚಿಯೊ ಅವರನ್ನ ದತ್ತು ತಗೊಂಡರು! 1973ರಲ್ಲಿ ಯೋಶಿಯಾ ತೀರಿಕೊಳ್ಳೋವರೆಗೂ ಇಬ್ಬರೂ ಜೊತೆಗಿದ್ದರು.

ಯುದ್ಧದ ನಂತರ ಗಂಡು-ಹೆಣ್ಣು ಒಟ್ಟಿಗೆ ಓದೋ ಶಾಲೆಗಳು ಬಂದು 'ಎಸ್' ಕಥೆಗಳು ಮಂಕಾದವು. ಮಾಂಗಾದಲ್ಲಿ ಈ ಪ್ರೀತಿ ಕಾಣಿಸಿದ ಮೊದಮೊದಲ ಕಥೆಗಳಲ್ಲಿ ಒಂದು ರ್ಯೋಕೊ ಯಾಮಗಿಶಿ ಅವರ 1971ರ 'ಶಿರೋಯ್ ಹೆಯಾ ನೊ ಫುತಾರಿ'. ಅಲ್ಲೂ ಒಬ್ಬಳು ಸಾಯ್ತಾಳೆ. ಮುಂದೆ ಎಷ್ಟೋ ವರ್ಷ ಇದೇ ಪಾಡು. 1998ರ 'ಮರಿಯಾ-ಸಮಾ ಗ ಮಿತೆರು' ಕಾದಂಬರಿ ಸರಣಿ ಹಳೇ ಅಕ್ಕ-ತಂಗಿ ಪದ್ಧತಿಯನ್ನ ತಿಳಿಹಾಸ್ಯದಲ್ಲಿ ವಾಪಸ್ ತಂದಿತು. 2003ರಲ್ಲಿ, ಆಮೇಲೆ 2005ರಲ್ಲಿ ಯುರಿಗೇ ಮೀಸಲಾದ ಪತ್ರಿಕೆಗಳು ಶುರುವಾದವು. ಸುಮಿಕಾ ನಮ್ಮನ್ನ ನಗಿಸಿದ್ದು ಇಷ್ಟೆಲ್ಲ ಆದ ಮೇಲೆ.

ನಮ್ಮಲ್ಲಿ? ಮೈಸೂರಿನಲ್ಲಿ ಮಹಾರಾಣಿ ಶಾಲೆ 1881ರಲ್ಲೇ ಶುರುವಾಗಿತ್ತು. ಆದ್ರೆ 1894ರ ಮೈಸೂರು ಕಾಯಿದೆ ಹುಡುಗಿಯರ ಮದುವೆಗೆ ಇಟ್ಟಿದ್ದ ಸಾಮಾನ್ಯ ಕನಿಷ್ಠ ವಯಸ್ಸು ಎಂಟು ವರ್ಷ ಮಾತ್ರ. ಜಪಾನಿನಲ್ಲಿ 1898ರ ಕಾನೂನಿನ ಪ್ರಕಾರ ಹುಡುಗಿಗೆ ಹದಿನೈದು ತುಂಬಿರಬೇಕಿತ್ತು. ಗೆಳತಿಗೆ ಚೀಟಿ ಬರೆಯೋ ವಯಸ್ಸಿಗೆ ಮೊದಲೇ ನಮ್ಮ ಎಷ್ಟೋ ಹುಡುಗಿಯರ ಕೊರಳಿಗೆ ತಾಳಿ ಬಿದ್ದಿರುತ್ತಿತ್ತು. ಕಥೆ ಹುಟ್ಟೋಕೂ ಸ್ವಲ್ಪ ಬಿಡುವು ಬೇಕಲ್ವಾ?

ಈಗ ಹೈಸ್ಕೂಲಿದೆ, ಹಾಸ್ಟೆಲ್ ಇದೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಜೈಲಿನ ಭಯವೂ ಇಲ್ಲ. ಮನೆಯವರ ಭಯ ಮಾತ್ರ ಇದೆ. ಗಂಡಸರ ನಡುವಿನ ಪ್ರೀತಿಯನ್ನ 2013ರಲ್ಲೇ ವಸುಧೇಂದ್ರ 'ಮೋಹನಸ್ವಾಮಿ'ಯಲ್ಲಿ ಬರೆದರು. ಮಾಲೂರಿನ ಬಸ್ಸಿನಲ್ಲಿ ಗೆಳತಿಗೆ ಸೀಟು ಹಿಡಿದು ಕೂತ ಹುಡುಗಿಗೂ ಒಂದು ಕಥೆ ಬೇಕು. ಅದರಲ್ಲಿ ಯಾರೂ ಸಾಯಬಾರದು, ಒಂದಷ್ಟು ನಗು ಇರಬೇಕು.

ಯಾರು ಬರೀತೀರಿ? :)