ಮರ ಕಡಿದವರಿಗೆ ಜೈಲು, ಗುಹೆ ಸಿಡಿಸಿದವರಿಗೆ ಪರವಾನಿಗೆ

2025ರ ಜುಲೈ 15ರಂದು ಇಂಗ್ಲೆಂಡಿನ ನ್ಯೂಕಾಸಲ್ ಕ್ರೌನ್ ನ್ಯಾಯಾಲಯವು ಇಬ್ಬರಿಗೆ ತಲಾ ನಾಲ್ಕು ವರ್ಷ ಮೂರು ತಿಂಗಳ ಜೈಲುಶಿಕ್ಷೆ ವಿಧಿಸಿತು. ಅವರು ಯಾರನ್ನೂ ಕೊಂದಿರಲಿಲ್ಲ. ಯಾರ ಮನೆಗೂ ಕನ್ನ ಹಾಕಿರಲಿಲ್ಲ. ಅವರು ಮಾಡಿದ್ದು ಒಂದು ಮರವನ್ನು ಕಡಿದದ್ದು.

ಆ ಮರದ ಹೆಸರು ಸಿಕಮೋರ್ ಗ್ಯಾಪ್ ಮರ. ರೋಮನ್ ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಕಟ್ಟಿಸಲು ತೊಡಗಿದ ಗೋಡೆಯು ಇಂಗ್ಲೆಂಡಿನ ಉತ್ತರ ಭಾಗದ ಗುಡ್ಡಗಳನ್ನು ಹತ್ತಿಳಿಯುತ್ತಾ ಸಾಗುತ್ತದೆ. ಹಾಗೆ ಗೋಡೆ ತಗ್ಗಿಗಿಳಿಯುವ ಒಂದೆಡೆ, ಎರಡು ದಿಣ್ಣೆಗಳ ನಡುವೆ ಈ ಮರ ಒಂಟಿಯಾಗಿ ನಿಂತಿತ್ತು. 19ನೇ ಶತಮಾನದಲ್ಲಿ ನೆಟ್ಟದ್ದು. ಅದರಡಿಯಲ್ಲಿ ಮದುವೆಯ ಮಾತಾಡಿದವರಿದ್ದಾರೆ, ಅಗಲಿದವರ ಬೂದಿಯನ್ನು ಚೆಲ್ಲಿದವರಿದ್ದಾರೆ. 1991ರ ರಾಬಿನ್ ಹುಡ್ ಚಲನಚಿತ್ರದಲ್ಲಿ ಕಾಣಿಸಿಕೊಂಡ ಮೇಲೆ ಅದು ಜಗತ್ತಿಗೇ ಪರಿಚಿತವಾಯಿತು. 2023ರ ಸೆಪ್ಟೆಂಬರ್ 27ರ ರಾತ್ರಿ, ಬಿರುಗಾಳಿ ಬೀಸುತ್ತಿದ್ದಾಗ ಇಬ್ಬರು ಯಂತ್ರಗರಗಸ ಹಿಡಿದು ಬಂದರು. ಕೆಲವೇ ನಿಮಿಷಗಳಲ್ಲಿ ಮರ ನೆಲಕ್ಕುರುಳಿತು. ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರು. ಕಾಂಡದ ಒಂದು ತುಂಡನ್ನು ನೆನಪಿನ ಕಾಣಿಕೆಯಂತೆ ಹೊತ್ತೊಯ್ದರು. ಯಾಕೆ ಕಡಿದರು? ತೃಪ್ತಿಕರವಾದ ಉತ್ತರ ನ್ಯಾಯಾಲಯಕ್ಕೂ ಸಿಗಲಿಲ್ಲ.

ಇಂತಹ ತೀರ್ಪು ಬಂದಾಗ ಎರಡು ಬಗೆಯ ಮಾತುಗಳು ಸಹಜ. ಒಂದು ಮರಕ್ಕಾಗಿ ಮನುಷ್ಯರನ್ನು ನಾಲ್ಕು ವರ್ಷ ಕೂಡಿಹಾಕುವುದೇ ಎಂಬುದು ಒಂದು. ನೂರಾರು ವರ್ಷ ಬಾಳಬಹುದಾಗಿದ್ದ ಮರಕ್ಕೆ ಬರೇ ನಾಲ್ಕು ವರ್ಷವೇ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ಆದರೆ ಎಷ್ಟು ವರ್ಷ ಎಂದು ಕೇಳುವ ಮೊದಲು ನಾವು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಪ್ರಕೃತಿಯ ಮೇಲಿನ ಹಾನಿಗೆ ಮನುಷ್ಯ ಯಾರನ್ನು ಶಿಕ್ಷಿಸುತ್ತಾ ಬಂದಿದ್ದಾನೆ? ಯಾರನ್ನು ಬಿಡುತ್ತಾ ಬಂದಿದ್ದಾನೆ?

ಮರಕ್ಕೆ ಗಲ್ಲು

ಇದೇ ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಮರ ಕಡಿದವನಿಗೆ ಗಲ್ಲುಶಿಕ್ಷೆಯಿತ್ತು ಎಂದರೆ ಅಚ್ಚರಿಯಾಗಬಹುದು. 1723ರಲ್ಲಿ ಅಲ್ಲಿನ ಸಂಸತ್ತು ಒಂದು ಕಾಯ್ದೆಯನ್ನು ಅಂಗೀಕರಿಸಿತು. ಮುಖಕ್ಕೆ ಮಸಿ ಬಳಿದುಕೊಂಡು ಅರಸರ ಮತ್ತು ಜಮೀನ್ದಾರರ ಕಾಡುಗಳಲ್ಲಿ ಜಿಂಕೆ ಬೇಟೆಯಾಡುತ್ತಿದ್ದ ಗುಂಪುಗಳನ್ನು ಹತ್ತಿಕ್ಕಲೆಂದು ತಂದ ಕಾಯ್ದೆಯಾದ್ದರಿಂದ ಅದಕ್ಕೆ ಬ್ಲ್ಯಾಕ್ ಆಕ್ಟ್ ಎಂದೇ ಹೆಸರು ಬಂತು. ಜಿಂಕೆ ಕದಿಯುವುದು, ಕೆರೆಯ ಒಡ್ಡು ಒಡೆದು ಮೀನು ಕೊಲ್ಲುವುದು, ಹುಲ್ಲುಬಣವೆಗೆ ಬೆಂಕಿಯಿಡುವುದು ಮುಂತಾದ ಹತ್ತಾರು ಅಪರಾಧಗಳು ಅದರಲ್ಲಿದ್ದವು. ಸಾಲುಮರಗಳನ್ನಾಗಲಿ ತೋಟದ ಮರಗಳನ್ನಾಗಲಿ ಕಡಿದು ಹಾಳುಮಾಡುವುದೂ ಅವುಗಳಲ್ಲೊಂದು. ಎಲ್ಲದಕ್ಕೂ ಶಿಕ್ಷೆ ಒಂದೇ, ಮರಣ.

ಹಾಗಾದರೆ 18ನೇ ಶತಮಾನದ ಇಂಗ್ಲೆಂಡಿನ ಪ್ರಭುಗಳು ಮಹಾ ಪರಿಸರಪ್ರೇಮಿಗಳಾಗಿದ್ದರೆ? ಖಂಡಿತ ಇಲ್ಲ. ಇತಿಹಾಸಕಾರ ಇ.ಪಿ. ಥಾಂಪ್ಸನ್ 1975ರಲ್ಲಿ ಪ್ರಕಟಿಸಿದ 'ವಿಗ್ಸ್ ಆ್ಯಂಡ್ ಹಂಟರ್ಸ್' ಕೃತಿಯಲ್ಲಿ ಈ ಕಾಯ್ದೆಯ ಒಳಮರ್ಮವನ್ನು ಬಿಡಿಸಿಟ್ಟಿದ್ದಾರೆ. ಕಾಡಂಚಿನ ಜನರಿಗೆ ಸೌದೆ ಆರಿಸುವ, ದನ ಮೇಯಿಸುವ ಹಳೆಯ ಹಕ್ಕುಗಳಿದ್ದವು. ಹೊಸ ಸಿರಿವಂತರಿಗೆ ಆ ಕಾಡು ಬೇಟೆಗೆ ಬೇಕಿತ್ತು, ಉದ್ಯಾನಗಳಿಗೆ ಬೇಕಿತ್ತು. ಗಲ್ಲಿನ ಭಯವು ಕಾದದ್ದು ಮರವನ್ನಲ್ಲ, ಮರದ ಒಡೆಯನನ್ನು. ಒಡೆಯನೇ ತನ್ನ ಮರವನ್ನು ಕಡಿದರೆ ಅದು ಅಪರಾಧವಾಗಿರಲಿಲ್ಲ. ಮೂರು ವರ್ಷಕ್ಕೆಂದು ಬಂದ ಆ ಕಾಯ್ದೆ ಮತ್ತೆ ಮತ್ತೆ ನವೀಕರಣಗೊಂಡು, ಬಳಿಕ ಶಾಶ್ವತವೂ ಆಗಿ, ಅದರ ಹೆಚ್ಚಿನ ಭಾಗ ರದ್ದಾದದ್ದು 1823ರಲ್ಲಿ. ಸರಿಯಾಗಿ ಒಂದು ನೂರು ವರ್ಷಗಳ ನಂತರ.

ಅದೇ ಕಾಲದಲ್ಲಿ ನಮ್ಮ ದೇಶದಲ್ಲಿ ಇನ್ನೊಂದು ಘಟನೆ ನಡೆಯಿತು. 1730ರಲ್ಲಿ ಜೋಧಪುರದ ಮಹಾರಾಜ ಅಭಯಸಿಂಹನ ಅರಮನೆಯ ಕಟ್ಟಡಕ್ಕೆ ಸುಣ್ಣ ಸುಡಲು ಸೌದೆ ಬೇಕಾಯಿತು. ರಾಜನ ಆಳುಗಳು ಖೇಜರ್ಲಿ ಎಂಬ ಹಳ್ಳಿಗೆ ಕೊಡಲಿ ಹಿಡಿದು ಹೋದರು. ಅಲ್ಲಿನ ಬಿಷ್ಣೋಯಿಗಳು ಖೇಜ್ರಿ ಅಂದರೆ ಬನ್ನಿ ಮರಗಳನ್ನು ತಬ್ಬಿ ನಿಂತರು. ಅಮೃತಾದೇವಿ ಎಂಬ ಮಹಿಳೆ ಮೊದಲು ತಲೆಕೊಟ್ಟಳು. ಬಿಷ್ಣೋಯಿಗಳ ನೆನಪಿನ ಪ್ರಕಾರ ಆಗ ಸತ್ತವರು 363 ಮಂದಿ. ಸುದ್ದಿ ತಿಳಿದ ರಾಜ ಬಿಷ್ಣೋಯಿ ಹಳ್ಳಿಗಳಲ್ಲಿ ಮರ ಕಡಿಯುವುದನ್ನು ನಿಷೇಧಿಸಿದನೆಂದು ಹೇಳುತ್ತಾರೆ.

ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಮರ ಕಡಿದ ಬಡವನಿಗೆ ಸಾವು, ಇಲ್ಲಿ ಮರ ಉಳಿಸಲು ಹೋದ ಬಡವನಿಗೆ ಸಾವು. ಮರದ ಪಾಡು ಏನೇ ಇರಲಿ, ತಲೆ ಹೋದದ್ದು ಮಾತ್ರ ಅಧಿಕಾರವಿಲ್ಲದವರದೇ.

ಕಲ್ಲಿಗೆ ಬೆಲೆ ಕಟ್ಟುವುದು ಹೇಗೆ?

ಆ ಕಾಲ ಮುಗಿಯಿತು ಎನ್ನಬಹುದು. ನಿಜ, ಈಗ ಮರಕ್ಕಾಗಿ ಯಾರನ್ನೂ ಗಲ್ಲಿಗೇರಿಸುವುದಿಲ್ಲ. ಆದರೆ ಹಾನಿಯನ್ನು ಆಸ್ತಿಯ ಲೆಕ್ಕದಲ್ಲಿ ಅಳೆಯುವ ಪದ್ಧತಿ ಉಳಿದಿದೆ. ಸಿಕಮೋರ್ ಗ್ಯಾಪ್ ಪ್ರಕರಣವನ್ನು ನಡೆಸಿದ್ದು ಪರರ ಸೊತ್ತಿಗೆ ಹಾನಿ ಮಾಡುವುದನ್ನು ಶಿಕ್ಷಿಸುವ 1971ರ ಕಾಯ್ದೆಯ ಕೆಳಗೆ. ಆರೋಪಪಟ್ಟಿಯಲ್ಲಿ ಮರಕ್ಕಾದ ನಷ್ಟವನ್ನು 6,22,191 ಪೌಂಡ್ ಎಂದೂ, ಉರುಳಿದ ಮರದಿಂದ ಗೋಡೆಗಾದ ನಷ್ಟವನ್ನು 1,144 ಪೌಂಡ್ ಎಂದೂ ನಮೂದಿಸಲಾಗಿತ್ತು. ಮರ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಸೊತ್ತಾಗಿತ್ತು. ಸೊತ್ತಾಗಿದ್ದರಿಂದಲೇ ಅದಕ್ಕೆ ನ್ಯಾಯ ಸಿಕ್ಕಿತು.

ಈ ಅಳತೆಗೋಲು ಎಷ್ಟು ಅಸ್ಥಿರವಾದುದೆಂಬುದಕ್ಕೆ ಅಮೆರಿಕದ ಎರಡು ಪ್ರಕರಣಗಳು ಸಾಕು. ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಟ್ರೀಟಿ ಓಕ್ ಎಂಬ ಸುಮಾರು 500 ವರ್ಷದ ಮರವಿದೆ. 1989ರಲ್ಲಿ ಒಬ್ಬಾತ ಅದರ ಬುಡಕ್ಕೆ ಕಳೆನಾಶಕ ವಿಷವನ್ನು ಸುರಿದ. ಮರದ ಮೂರನೇ ಒಂದು ಭಾಗದಷ್ಟು ಮಾತ್ರ ಬದುಕಿತು. ಆತನಿಗೆ ಒಂಬತ್ತು ವರ್ಷ ಶಿಕ್ಷೆಯಾಯಿತು. 2013ರಲ್ಲಿ ಯೂಟಾ ರಾಜ್ಯದ ಗಾಬ್ಲಿನ್ ವ್ಯಾಲಿ ಉದ್ಯಾನದಲ್ಲಿ, ಸುಮಾರು 17 ಕೋಟಿ ವರ್ಷ ಹಳೆಯ ಮರಳುಗಲ್ಲಿನ ಬಂಡೆಯೊಂದನ್ನು ಸ್ಕೌಟ್ ಮುಖಂಡರು ಅದರ ಪೀಠದಿಂದ ಕೆಳಗೆ ತಳ್ಳಿದರು. ನಗುತ್ತಾ ವೀಡಿಯೋ ಮಾಡಿಕೊಂಡರು. ಕಲ್ಲು ಮಕ್ಕಳ ಮೇಲೆ ಬೀಳುವ ಅಪಾಯವಿತ್ತೆಂಬುದು ಅವರ ಸಮಜಾಯಿಷಿ. ಅವರಿಗೆ ಜೈಲಾಗಲಿಲ್ಲ, ಒಂದು ವರ್ಷದ ನಿಗಾವಣೆ ಮತ್ತು ದಂಡದಲ್ಲಿ ಪ್ರಕರಣ ಮುಗಿಯಿತು. ಮರವಾದರೆ ಬೀಜದಿಂದ ಮತ್ತೆ ಹುಟ್ಟೀತು. ಗಾಳಿ ಮಳೆ ಕೆತ್ತಿದ ಆ ಬಂಡೆಯನ್ನು ಯಾರು ಮತ್ತೆ ಕೆತ್ತಿಕೊಡುತ್ತಾರೆ?

ಸಹಿಯ ಮುಂದೆ ಕೊಡಲಿ ಎಷ್ಟರದು?

ಇವರೆಲ್ಲ ಕಿಡಿಗೇಡಿಗಳು. ಇವರ ಕೈಯಲ್ಲಿದ್ದದ್ದು ಗರಗಸ, ವಿಷದ ಡಬ್ಬಿ, ತೋಳಿನ ಬಲ. ಇನ್ನೊಂದು ಬಗೆಯವರಿದ್ದಾರೆ. ಅವರ ಕೈಯಲ್ಲಿರುವುದು ಸರಕಾರದ ಮುದ್ರೆ ಬಿದ್ದ ಕಾಗದ.

ಪಶ್ಚಿಮ ಆಸ್ಟ್ರೇಲಿಯಾದ ಜೂಕನ್ ಕಮರಿಯಲ್ಲಿ ಎರಡು ಕಲ್ಲಾಸರೆ ಗುಹೆಗಳಿದ್ದವು. ಅವುಗಳಲ್ಲೊಂದರಲ್ಲಿ 46,000 ವರ್ಷಗಳ ಹಿಂದಿನ ಮಾನವ ವಾಸದ ಕುರುಹುಗಳು ಸಿಕ್ಕಿದ್ದವು. ಸುಮಾರು 4,000 ವರ್ಷ ಹಳೆಯದಾದ, ಮನುಷ್ಯರ ಕೂದಲಿನಿಂದ ಹೆಣೆದ ಒಂದು ಪಟ್ಟಿಯೂ ಸಿಕ್ಕಿತ್ತು. ಆ ಕೂದಲಿನ ವಂಶವಾಹಿಯು ಅದೇ ನೆಲದ ಇಂದಿನ ಮೂಲನಿವಾಸಿಗಳದ್ದಕ್ಕೆ ಹೊಂದುತ್ತಿತ್ತು. 2020ರ ಮೇ 24ರಂದು ರಿಯೊ ಟಿಂಟೊ ಗಣಿ ಕಂಪೆನಿಯು ಕಬ್ಬಿಣದ ಅದಿರಿಗಾಗಿ ಆ ತಾಣವನ್ನು ಸಿಡಿಮದ್ದಿಟ್ಟು ಸ್ಫೋಟಿಸಿತು. ಬೇಡವೆಂದು ಅಲ್ಲಿನ ಮೂಲನಿವಾಸಿಗಳು ಕೇಳಿಕೊಂಡದ್ದು ವ್ಯರ್ಥವಾಯಿತು.

ಯಾರು ಜೈಲಿಗೆ ಹೋದರು? ಯಾರೂ ಹೋಗಲಿಲ್ಲ. ಯಾಕೆಂದರೆ ಅದು ಅಪರಾಧವೇ ಆಗಿರಲಿಲ್ಲ. 1972ರ ಕಾಯ್ದೆಯಡಿ ಕಂಪೆನಿಗೆ 2013ರಲ್ಲೇ ಅನುಮತಿ ಸಿಕ್ಕಿತ್ತು. ಜಗತ್ತೆಲ್ಲ ಛೀಮಾರಿ ಹಾಕಿದ ಮೇಲೆ ಮುಖ್ಯಾಧಿಕಾರಿಯೂ ಇನ್ನಿಬ್ಬರು ಹಿರಿಯರೂ ಹುದ್ದೆ ಬಿಟ್ಟರು. ಸಂಸತ್ತಿನ ಸಮಿತಿಯು ವಿಚಾರಣೆ ನಡೆಸಿ ವರದಿ ಕೊಟ್ಟಿತು. 2023ರ ಜುಲೈಯಲ್ಲಿ ಹೊಸ ಕಾಯ್ದೆಯೂ ಜಾರಿಗೆ ಬಂತು. ಆದರೆ ಭೂಮಾಲಕರ ವಿರೋಧಕ್ಕೆ ಮಣಿದ ರಾಜ್ಯ ಸರಕಾರ ಅದೇ ವರ್ಷ ಅದನ್ನು ಹಿಂದೆಗೆದು, ಕೆಲವು ತಿದ್ದುಪಡಿಗಳೊಂದಿಗೆ 1972ರ ಕಾಯ್ದೆಯನ್ನೇ ಮರಳಿ ತಂದಿತು.

ನಮ್ಮ ಬಳ್ಳಾರಿಯವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 2019ರಲ್ಲಿ ಹಂಪಿಯ ದೇಗುಲವೊಂದರ ಕಂಬವನ್ನು ನಾಲ್ವರು ಯುವಕರು ತಳ್ಳಿ ಬೀಳಿಸಿದ್ದರು. ವೀಡಿಯೋ ಹರಡಿತು, ಬಂಧನವಾಯಿತು. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ವಿಧಿಸಿತು, ಮತ್ತು ಬಿದ್ದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತು. ನಮ್ಮ ದೃಷ್ಟಿಯಲ್ಲಿ ಇದು ವಿವೇಕದ ಶಿಕ್ಷೆ. ಕೆಡವಿದ ಕೈ ಕಟ್ಟಲೂ ಕಲಿಯಿತು.

ಆದರೆ ಅಲ್ಲಿಂದ ಹೆಚ್ಚು ದೂರವಲ್ಲದ ಗುಡ್ಡಗಳು? ಅದಿರಿಗಾಗಿ ಅವುಗಳನ್ನು ಅಗೆದು ಸಾಗಿಸಿದ ಬಗೆಯನ್ನು ಲೋಕಾಯುಕ್ತ ವರದಿ 2011ರಲ್ಲಿ ಬಯಲಿಗಿಟ್ಟಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ತಡೆಯಿತು. ಗಡಿಯಾಚೆಯ ಓಬಳಾಪುರಂ ಗಣಿಯ ಕುರಿತು 2009ರಲ್ಲಿ ದಾಖಲಾದ ಪ್ರಕರಣದಲ್ಲಿ ಹೈದರಾಬಾದಿನ ಸಿಬಿಐ ನ್ಯಾಯಾಲಯ ಏಳು ವರ್ಷಗಳ ಶಿಕ್ಷೆ ವಿಧಿಸಿದ್ದು 2025ರ ಮೇಯಲ್ಲಿ. ಮರುತಿಂಗಳೇ ತೆಲಂಗಾಣ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಕಂಬ ಬೀಳಿಸಿದವರ ಪ್ರಕರಣ ಕೆಲವೇ ವಾರಗಳಲ್ಲಿ ಮುಗಿದಿತ್ತು.

ನ್ಯಾಯದ ಅಳತೆ

ಕಿಡಿಗೇಡಿಗಳನ್ನು ಸುಮ್ಮನೆ ಬಿಡಬೇಕೆಂದು ನಾವು ಹೇಳುತ್ತಿಲ್ಲ. ಎಲ್ಲರ ಸೊತ್ತನ್ನು ಮೋಜಿಗಾಗಿ ಕೆಡಿಸಿದವನು ಎಲ್ಲರಿಗೂ ಉತ್ತರದಾಯಿ. ಆದರೆ ಶಿಕ್ಷೆ ನ್ಯಾಯವಾಗಬೇಕಾದರೆ ಮೂರು ಸಂಗತಿಗಳನ್ನು ತೂಗಬೇಕು. ಕಳೆದುಹೋದದ್ದು ಮರಳಿ ಬರುವಂಥದ್ದೇ? ಅದರಿಂದ ಲಾಭ ಪಡೆದವರು ಯಾರು? ತಡೆಯುವ ಅಧಿಕಾರವಿದ್ದೂ ಸಹಿ ಹಾಕಿದವರು ಯಾರು? ಮರಳಿ ಬರುವಂಥದ್ದಾದರೆ ಕೆಡಿಸಿದವನ ಬೆವರಿನಿಂದಲೇ ಅದು ಮರಳಲಿ. ಮರಳಿ ಬಾರದಿದ್ದರೆ ಜೈಲೂ ಇರಲಿ. ಆದರೆ ಮೋಜಿಗೆ ಕೆಡಿಸಿದವನಿಗೆ ಇರುವ ಜೈಲು ಲಾಭಕ್ಕೆ ಕೆಡಿಸಿದವನಿಗೆ ಇಲ್ಲವೆಂದಾದರೆ ನಾವಿನ್ನೂ 1723ರಲ್ಲೇ ಇದ್ದೇವೆ ಎಂದರ್ಥ.

ಕಾನೂನು ಹೇಗೆ ಉಳ್ಳವರ ಆಯುಧವಾಗಿತ್ತು ಎಂಬುದನ್ನು ಇಡೀ ಪುಸ್ತಕದುದ್ದಕ್ಕೂ ತೋರಿಸಿದ ಥಾಂಪ್ಸನ್, ಕೊನೆಗೆ ಕಾನೂನಿನ ಆಳ್ವಿಕೆಯನ್ನು ತಳ್ಳಿಹಾಕಲಿಲ್ಲ. ಉಳ್ಳವರ ಕೈಯನ್ನೂ ಕಟ್ಟಿಹಾಕಬಲ್ಲ ಶಕ್ತಿ ಅದಕ್ಕಿದೆ ಎಂದೇ ವಾದಿಸಿದರು. ಆ ಶಕ್ತಿಯನ್ನು ಬಳಸಿಕೊಳ್ಳುವುದು ಜನರ ಕೆಲಸ.

ಸಿಕಮೋರ್ ಗ್ಯಾಪಿನ ಬುಡದಲ್ಲಿ 2024ರಲ್ಲಿ ಹೊಸ ಚಿಗುರುಗಳು ಕಾಣಿಸಿಕೊಂಡವು. ಅದರ ಬೀಜಗಳಿಂದ ಬೆಳೆಸಿದ ಸಸಿಗಳಲ್ಲಿ, ಮರದ ಎತ್ತರದ ಅಡಿಗೊಂದರಂತೆ 49ನ್ನು ಬೇರೆ ಬೇರೆ ಊರುಗಳಿಗೆ ಕೊಡಲು ನ್ಯಾಷನಲ್ ಟ್ರಸ್ಟ್ ಆರಿಸಿತು. ಜೂಕನ್ ಕಮರಿಯ ಗುಹೆಗೆ ಬೀಜವಿಲ್ಲ. ನಮ್ಮ ಬಳ್ಳಾರಿಯ ಗುಡ್ಡಗಳಿಗೂ ಇಲ್ಲ.