ಎರ್ರಗುಡಿಯ ಬಂಡೆ ಮತ್ತು ದಾನಿಯೇಲನ ಇಬ್ಬರು ರಾಜರು

ಬೈಬಲಿನಲ್ಲಿ ಬರುವ ರಾಜರಿಗೆ ಶಾಸನಾಧಾರ ಹುಡುಕುವವರು ಇಸ್ರೇಲ್, ಇರಾಕ್, ಈಜಿಪ್ಟುಗಳ ಕಡೆ ನೋಡುತ್ತಾರೆ. ಮಂತ್ರಾಲಯದ ಸೀಮೆಯಲ್ಲೂ ಅಂಥದೊಂದು ಆಧಾರವಿದೆ. ಪತ್ತಿಕೊಂಡ ಮತ್ತು ಗುತ್ತಿಯ ನಡುವಿನ ಎರ್ರಗುಡಿಯ ಗುಡ್ಡದಲ್ಲಿರುವ ಅಶೋಕನ ಶಾಸನಗಳಲ್ಲಿ ಅದನ್ನು ಓದಬಹುದು. ಅದು ಯಾವುದಕ್ಕೆ ಆಧಾರ, ಯಾವುದಕ್ಕೆ ಅಲ್ಲ ಎಂದು ಬಿಡಿಸಿ ನೋಡುವುದು ಈ ಟಿಪ್ಪಣಿಯ ಉದ್ದೇಶ.

ಎರ್ರಗುಡಿಯ ಶಾಸನಗಳನ್ನು 1920ರ ದಶಕದ ಕೊನೆಯಲ್ಲಿ ಭೂವಿಜ್ಞಾನಿ ಅನು ಘೋಷ್ ಗುರುತಿಸಿದರು. ಮಸ್ಕಿ, ಕೊಪ್ಪಳ, ಬ್ರಹ್ಮಗಿರಿ, ನಿಟ್ಟೂರುಗಳಲ್ಲಿ ಸಿಕ್ಕಿರುವುದು ಅಶೋಕನ ಕಿರುಶಾಸನಗಳು ಮಾತ್ರ. ಸನ್ನತಿಯ ಕಲ್ಲಿನಲ್ಲಿ 12 ಮತ್ತು 14ನೆಯ ಶಾಸನಗಳೂ ಎರಡು ಪ್ರತ್ಯೇಕ ಶಾಸನಗಳೂ ಇವೆ. ಎರ್ರಗುಡಿಯಲ್ಲಾದರೋ ಹದಿನಾಲ್ಕು ಶಾಸನಗಳ ಇಡೀ ಸರಣಿಯಿದೆ, ಜೊತೆಗೆ ಕಿರುಶಾಸನವೂ ಇದೆ. ಆ ಕಿರುಶಾಸನದ ಕೆಲವು ಸಾಲುಗಳನ್ನು ಬಲದಿಂದ ಎಡಕ್ಕೆ ಕೆತ್ತಲಾಗಿದೆ. ಕೆತ್ತಿದವನ ಮನಸ್ಸಿನಲ್ಲಿ ಏನಿತ್ತೋ!

ನಮಗೆ ಬೇಕಾದವು 2 ಮತ್ತು 13ನೆಯ ಶಾಸನಗಳು. ಎರಡನೆಯದರಲ್ಲಿ ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರ ಜೊತೆಗೆ ಅಂತಿಯೋಕನೆಂಬ ಯವನರಾಜನ ಹೆಸರಿದೆ. ಹದಿಮೂರನೆಯದು ಕಳಿಂಗ ಯುದ್ಧದ ಪಶ್ಚಾತ್ತಾಪದ ಶಾಸನ. ಆರುನೂರು ಯೋಜನ ದೂರದ ಅಂತಿಯೋಕನನ್ನು ಹೆಸರಿಸಿ, ಅವನಿಂದಾಚೆಗೆ ತುರಮಾಯ, ಅಂತಿಕಿನಿ, ಮಗ, ಅಲಿಕಸುಂದರ ಎಂಬ ನಾಲ್ವರು ರಾಜರಿದ್ದಾರೆ ಎನ್ನುತ್ತದೆ. ಎರ್ರಗುಡಿಯ ಬಂಡೆ ಸವೆದಿರುವುದರಿಂದ ಈ ಪಾಠವನ್ನು ಕಾಲ್ಸಿ, ಶಹಬಾಜ್‌ಗಢಿ ಪ್ರತಿಗಳ ಜೊತೆಗಿಟ್ಟೇ ಓದಬೇಕು. ಅಂತಿಯೋಕನೆಂದರೆ ಸಿರಿಯಾದ ಎರಡನೆಯ ಆಂಟಿಯೋಕಸ್ (ಕ್ರಿ.ಪೂ. 261–246). ತುರಮಾಯನು ಈಜಿಪ್ಟಿನ ಎರಡನೆಯ ಟಾಲೆಮಿ; ಅವನು ಸತ್ತದ್ದೂ ಕ್ರಿ.ಪೂ. 246ರಲ್ಲೇ. ಐವರೂ ಒಟ್ಟಿಗೆ ಆಳುತ್ತಿದ್ದ ಕಾಲ ಚಿಕ್ಕದು. ಅಶೋಕನ ಕಾಲವನ್ನು ನಿಗದಿ ಮಾಡುವುದಕ್ಕೆ ಇದೇ ಮುಖ್ಯ ಆಸರೆ. ಹದಿಮೂರನೆಯ ಶಾಸನ ಸುಮಾರು ಕ್ರಿ.ಪೂ. 256ರ ಆಸುಪಾಸಿನದು.

ದಾನಿಯೇಲನ ಗ್ರಂಥದ 11ನೆಯ ಅಧ್ಯಾಯದಲ್ಲಿ 'ಉತ್ತರದ ರಾಜ', 'ದಕ್ಷಿಣದ ರಾಜ' ಎಂಬ ಇಬ್ಬರು ಬರುತ್ತಾರೆ, ಹೆಸರಿಲ್ಲ. ದಕ್ಷಿಣದ ರಾಜನ ಮಗಳು ಸಂಧಾನಕ್ಕಾಗಿ ಉತ್ತರದ ರಾಜನ ಮನೆ ಸೇರುತ್ತಾಳೆ, ಆ ಸಂಬಂಧ ನಿಲ್ಲುವುದಿಲ್ಲ, ಕೊನೆಗೆ ಅವಳ ಕುಲದವನೊಬ್ಬ ದಂಡೆತ್ತಿ ಹೋಗಿ ಗೆದ್ದು ದೇವಮೂರ್ತಿಗಳನ್ನು ಈಜಿಪ್ಟಿಗೆ ಒಯ್ಯುತ್ತಾನೆ. ಈ ರಾಜರು ಮೇಲಿನ ಆಂಟಿಯೋಕಸ್ ಮತ್ತು ಟಾಲೆಮಿ, ಮಗಳು ಬೆರೆನೀಕೆ ಎಂಬ ವಿವರಣೆ ಹೊಸದಲ್ಲ. ಕ್ರಿ.ಶ. ಮೂರನೆಯ ಶತಮಾನದ ಪೋರ್ಫಿರಿಯಂಥ ಕ್ರೈಸ್ತವಿರೋಧಿಯೂ, ಅವನನ್ನು ಖಂಡಿಸಿ ಬರೆದ ಸಂತ ಜೆರೋಮನೂ ಈ ಒಂದು ವಿಷಯದಲ್ಲಿ ಜಗಳವಾಡಿಲ್ಲ.

ಹಾಗಿದ್ದರೆ ಎರ್ರಗುಡಿಯ ಬಂಡೆ ಬೈಬಲಿಗೆ ಸಾಕ್ಷಿಯೆ? ಆ ಇಬ್ಬರು ರಾಜರು ಇದ್ದರು, ಒಂದೇ ಕಾಲದಲ್ಲಿ ಆಳಿದರು ಎಂಬಷ್ಟಕ್ಕೆ ಹೌದು, ಅದೂ ಸಮಕಾಲೀನ ಸಾಕ್ಷಿ. ಮದುವೆಗೆ ಅಲ್ಲ. ಮದುವೆ ನಡೆದದ್ದು ಕ್ರಿ.ಪೂ. 252ರಲ್ಲಿ, ಅಶೋಕನ ಶಾಸನ ಸಿದ್ಧವಾದ ಮೇಲೆ. ಅದಕ್ಕೆ ಬೇರೆಯೇ ದಾಖಲೆಯಿದೆ. ಟಾಲೆಮಿಯ ಹಣಕಾಸು ಮಂತ್ರಿ ಅಪೊಲ್ಲೋನಿಯಸ್‌ನ ಜಮೀನು ನೋಡಿಕೊಳ್ಳುತ್ತಿದ್ದ ಜೆನೊನ್ ಎಂಬವನ ಕಾಗದಪತ್ರಗಳು ಈಜಿಪ್ಟಿನ ಫಯೂಮಿನಲ್ಲಿ ಕಟ್ಟುಗಟ್ಟಲೆ ಸಿಕ್ಕಿವೆ. ಅವುಗಳಲ್ಲಿ ಆರ್ತೆಮಿದೋರನೆಂಬ ವೈದ್ಯ ಸೀದೋನಿನಿಂದ ಬರೆದ ಪತ್ರವೊಂದಿದೆ: ರಾಣಿಯನ್ನು ಗಡಿಯವರೆಗೆ ಬಿಟ್ಟು ಈಗಷ್ಟೇ ಬಂದಿದ್ದೇವೆ ಎಂಬುದು ಅದರ ಒಂದು ಸುದ್ದಿ. ರಾಜರ ಬಿರುದಾವಳಿಗಿಂತ ಇಂಥ ಮನೆವಾರ್ತೆಯ ಪತ್ರವನ್ನೇ ನಾನು ಹೆಚ್ಚು ನಂಬುತ್ತೇನೆ. ಅದನ್ನು ಬರೆದವನಿಗೆ ಯಾರನ್ನೂ ಮೆಚ್ಚಿಸಬೇಕಾಗಿರಲಿಲ್ಲ.

ದಂಡಯಾತ್ರೆಗೂ ಕಲ್ಲಿನ ದಾಖಲೆಯಿತ್ತು. ಬೆರೆನೀಕೆಯ ಅಣ್ಣನೋ ತಮ್ಮನೋ ಆದ ಮೂರನೆಯ ಟಾಲೆಮಿ ತಾನು ಯೂಫ್ರೆಟಿಸ್ ದಾಟಿ ಗೆದ್ದುದನ್ನೂ, ಪರ್ಷಿಯನ್ನರು ಹಿಂದೆ ಒಯ್ದಿದ್ದ ಪವಿತ್ರ ವಸ್ತುಗಳನ್ನು ಈಜಿಪ್ಟಿಗೆ ಮರಳಿ ತಂದುದನ್ನೂ ಶಾಸನದಲ್ಲಿ ಹೇಳಿಕೊಂಡಿದ್ದ. ಕೆಂಪು ಸಮುದ್ರದ ಅದೂಲಿಸ್ ಬಂದರಿನಲ್ಲಿದ್ದ ಆ ಕಲ್ಲು ಈಗಿಲ್ಲ. ಆರನೆಯ ಶತಮಾನದಲ್ಲಿ ಅದನ್ನು ನಕಲು ಮಾಡಿಕೊಂಡವನು ಕಾಸ್ಮಾಸ್, ನಮ್ಮ ಪಶ್ಚಿಮ ಕರಾವಳಿಯ ಮೆಣಸಿನ ವ್ಯಾಪಾರವನ್ನೂ ಅಲ್ಲಿನ ಕ್ರೈಸ್ತರನ್ನೂ ಕುರಿತು ಬರೆದ ಅದೇ ವರ್ತಕ. ಮೂರ್ತಿಗಳ ಸಂಗತಿಯನ್ನು ಕ್ರಿ.ಪೂ. 238ರ ಕನೋಪಸ್ ಶಾಸನವೂ ಹೇಳುತ್ತದೆ.

ಘಟನೆ ನಿಜವೆಂದು ಸಿದ್ಧವಾದ ಮಾತ್ರಕ್ಕೆ ದಾನಿಯೇಲನ ಭವಿಷ್ಯವಾಣಿಯೂ ಸಿದ್ಧವಾಗುವುದಿಲ್ಲ. ಈ ಅಧ್ಯಾಯ ಕ್ರಿ.ಪೂ. 165ರ ಸುಮಾರಿಗೆ ರೂಪುಗೊಂಡಿತೆಂದು ಬಹುಪಾಲು ವಿದ್ವಾಂಸರು ಹೇಳುತ್ತಾರೆ. ನಾಲ್ಕನೆಯ ಆಂಟಿಯೋಕಸ್‌ನ ಕಾಲದವರೆಗೆ ವಿವರಗಳು ಇತಿಹಾಸಕ್ಕೆ ಹೊಂದುತ್ತವೆ. ಅವನ ಸಾವಿನ ವಿಷಯಕ್ಕೆ ಬಂದಾಗ ತಪ್ಪುತ್ತವೆ. ಅವನು ಸತ್ತದ್ದು ಪರ್ಷಿಯಾದ ಕಡೆ, ಗ್ರಂಥ ಸೂಚಿಸುವ ಜಾಗದಲ್ಲಲ್ಲ. ನನಗೂ ಈ ಕಾಲನಿರ್ಣಯವೇ ಸರಿಯೆನಿಸುತ್ತದೆ.

ಘಟನೆಗೂ ಬರಹಕ್ಕೂ ನಡುವಿನ ಅಂತರದ ತೊಡಕು ಮಂತ್ರಾಲಯದವರಿಗೆ ಪರಿಚಿತವೇ. ರಾಯರು ವೃಂದಾವನ ಪ್ರವೇಶಿಸಿದ್ದು 1671ರಲ್ಲಿ. ಥಾಮಸ್ ಮನ್ರೋ ದತ್ತಮಂಡಲಗಳ ಕಲೆಕ್ಟರನಾಗಿದ್ದದ್ದು 1800ರಿಂದ 1807ರವರೆಗೆ. ಮಠದ ಇನಾಮಿನ ವಿಚಾರಣೆಗೆ ಬಂದ ಅವನೊಡನೆ ರಾಯರು ಮಾತಾಡಿದರೆಂಬ ಕಥೆಯನ್ನು ಡಬ್ಲ್ಯೂ. ಫ್ರಾನ್ಸಿಸ್ ಸಂಪಾದಿಸಿದ 1904ರ ಬಳ್ಳಾರಿ ಜಿಲ್ಲಾ ಗೆಜೆಟಿಯರ್ ದಾಖಲಿಸಿದೆ. ಮಂತ್ರಾಲಯ ಸೇರಿದ್ದ ಆದೋನಿ ತಾಲ್ಲೂಕು ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. 1904ರ ಹೊತ್ತಿಗೆ ಈ ಕಥೆ ಇಲ್ಲಿ ಪ್ರಚಲಿತವಾಗಿತ್ತು ಎಂಬುದಕ್ಕೆ ಗೆಜೆಟಿಯರ್ ಗಟ್ಟಿ ಪ್ರಮಾಣ. ಸಂಭಾಷಣೆಗೆ ಅದನ್ನೇ ಪ್ರಮಾಣವೆಂದು ಕೊಡಲು ಬರುವುದಿಲ್ಲ; ಭಕ್ತರ ನಂಬಿಕೆಗೆ ಆ ಪ್ರಮಾಣ ಬೇಕಾಗಿಯೂ ಇಲ್ಲ.

ಬೈಬಲಿನ ಎಲ್ಲ ಭಾಗಕ್ಕೂ ಒಂದೇ ತೂಕದ ಆಧಾರವಿಲ್ಲ. ಕ್ರಿ.ಪೂ. 701ರಲ್ಲಿ ಅಸ್ಸೀರಿಯದ ಸನ್ಹೇರೀಬ ಯೆಹೂದದ ಹಿಜ್ಕೀಯನ ಮೇಲೆ ದಂಡೆತ್ತಿ ಬಂದದ್ದಕ್ಕೆ ಎರಡೂ ಕಡೆಯ ಲೆಕ್ಕವಿದೆ. ಕಪ್ಪಕಾಣಿಕೆಯ ಚಿನ್ನ 30 ತಲಾಂತು ಎಂಬುದರಲ್ಲಿ ಇಬ್ಬರದೂ ಒಂದೇ ಮಾತು. ಬೆಳ್ಳಿ ಮಾತ್ರ ಬೈಬಲಿನಲ್ಲಿ 300, ಅಸ್ಸೀರಿಯದ ಶಾಸನದಲ್ಲಿ 800. ಪಿಲಾತನ ಹೆಸರಿನ ಕಲ್ಲು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿತು. ಮೋಶೆಯ ಕಾಲದ ವಿಮೋಚನೆಗೆ ಇಂಥ ಸಮಕಾಲೀನ ಬರಹ ಒಂದೂ ಇಲ್ಲ.

ಕೊನೆಯದಾಗಿ ಈ ಹಾದಿಯಲ್ಲಿ ಕೆಲಸ ಮಾಡುವ ಕಿರಿಯರಿಗೆ ಒಂದು ಮಾತು. ಹುಲ್ಟ್ಸ್ ಸಂಪಾದಿಸಿದ ಅಶೋಕ ಶಾಸನಗಳ ಸಂಪುಟ ಅಚ್ಚಾದದ್ದು 1925ರಲ್ಲಿ, ಎರ್ರಗುಡಿ ಬೆಳಕಿಗೆ ಬರುವ ಮೊದಲು. ಅದನ್ನಷ್ಟೇ ನೆಚ್ಚಿ ಬರೆಯಬೇಡಿ, ಡಿ.ಸಿ. ಸರ್ಕಾರ್ ಅವರ ಪಾಠಗಳನ್ನೂ ನೋಡಿ, ಆಮೇಲೆ ಗುಡ್ಡ ಹತ್ತಿ ಬಂಡೆಯನ್ನೂ ಓದಿ.