ಚಿತ್ರ ತೆಗೆದರೆ ಹೊಟ್ಟೆ ತುಂಬುತ್ತದೆಯೇ?



ತಡವಳ ಭಾಗದ ಪಾಲಕರೊಬ್ಬರು ಈಚೆಗೆ ಕೇಳಿದರು: "ಸರ್, ಹುಡುಗ ದಿನಾ ಚಿತ್ರಾನೇ ತಗೀತಾನ. ಇದರಿಂದ ಹೊಟ್ಟಿ ತುಂಬ್ತದೇನ್ರೀ?" ಅವರ ಚಿಂತೆ ಸುಳ್ಳಲ್ಲ. ಆದರೆ ಉತ್ತರ ನಮ್ಮ ನೆರೆಯ ಇತಿಹಾಸದಲ್ಲೇ ಇದೆ.

ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿ ದುಧನಿ ದಾಟಿದರೆ ಮುಂದೆ ಕಲಬುರಗಿ. ಎಸ್. ಎಂ. ಪಂಡಿತರು 1916ರಲ್ಲಿ ಅಲ್ಲಿ ಹುಟ್ಟಿದರು. ಆಗ ಆ ಊರು ನಿಜಾಮರ ಆಳ್ವಿಕೆಯಲ್ಲಿತ್ತು. ಮದರಾಸಿನಲ್ಲಿ ಚಿತ್ರಕಲೆ ಕಲಿತು ಅವರು ಮುಂಬಯಿಗೆ ಹೋದರು. ಅಲ್ಲಿ ಕನ್ನಡಿಗರೇ ಆದ ದಂಡಾವತಿಮಠ ಗುರುಗಳು 'ನೂತನ ಕಲಾಮಂದಿರ' ನಡೆಸುತ್ತಿದ್ದರು. ಪಂಡಿತರೂ ಉಡುಪಿ ಕಡೆಯ ಕೆ. ಕೆ. ಹೆಬ್ಬಾರರೂ ಅಲ್ಲಿ ಕಲಿತು, ಆಮೇಲೆ ಜೆ. ಜೆ. ಕಲಾಶಾಲೆ ಸೇರಿದರು. ಪರಊರಿನಲ್ಲಿ ಒಬ್ಬ ಗುರು ಸಿಕ್ಕರೆ ಎಷ್ಟು ಮಕ್ಕಳ ಬಾಳು ತಿರುಗುತ್ತದೆ ನೋಡಿ!

ಪಂಡಿತರು ಹೊಟ್ಟೆಪಾಡಿನ ಕೆಲಸವನ್ನು ಕೀಳೆಂದು ತಿಳಿಯಲಿಲ್ಲ. ಸಿನಿಮಾ ಷೋಕಾರ್ಡು, ಪೋಸ್ಟರು, 'ಫಿಲ್ಮ್ ಇಂಡಿಯಾ' ಪತ್ರಿಕೆಯ ಮುಖಪುಟ ಎಲ್ಲವನ್ನೂ ಬರೆದರು. ಅವರ ಪುರಾಣದ ಚಿತ್ರಗಳು ಕ್ಯಾಲೆಂಡರುಗಳಾಗಿ ಮನೆಮನೆಯ ಗೋಡೆಗೇರಿದವು. ಕೊನೆಗೆ ಕಲಬುರಗಿಗೇ ಮರಳಿದರು. 1993ರಲ್ಲಿ ತೀರಿಕೊಂಡರು. ಅಲ್ಲಿಯ ರಂಗಮಂದಿರಕ್ಕೆ ಇಂದು ಅವರದೇ ಹೆಸರು.

ಹೆಬ್ಬಾರರ ದಾರಿ ಬೇರೆ. ಜೆ. ಜೆ.ಯಲ್ಲೇ ಶಿಕ್ಷಕರಾದರು, ಆಮೇಲೆ ಪ್ಯಾರಿಸ್ಸಿಗೆ ಹೋಗಿ ಕಲಿತು ಬಂದು ತಮ್ಮದೇ ಶೈಲಿ ಕಂಡುಕೊಂಡರು. 1989ರಲ್ಲಿ ಪದ್ಮಭೂಷಣ ಬಂತು. ಒಬ್ಬರು ಗಿರಾಕಿಗಾಗಿ ಬರೆದು ಬದುಕಿದರು, ಇನ್ನೊಬ್ಬರು ಕಲಿಸುತ್ತ ಬೆಳೆದರು. ಎರಡೂ ಮರ್ಯಾದೆಯ ದಾರಿಗಳೇ.

ಇದರಿಂದ ನಮ್ಮ ಮಕ್ಕಳು ಏನು ಕಲಿಯಬೇಕು?

ಮೊದಲನೆಯದು, ಕೈ ಪಳಗಬೇಕು. ದಿನಕ್ಕೊಂದು ಸ್ಕೆಚ್ ಮಾಡಿ. ಎತ್ತು, ಸಂತೆ, ಅಜ್ಜಿಯ ಮುಖ, ಯಾವುದಾದರೂ ಸರಿ.

ಎರಡನೆಯದು, ಮಹಾರಾಷ್ಟ್ರದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳನ್ನು ಬಿಡಬೇಡಿ. ಕಾಗದದ ಮೇಲೆ ಭಾಷೆಯ ಗಡಿ ಇಲ್ಲ. ಕನ್ನಡ ಶಾಲೆಯ ಮಗುವಿನ ಗೆರೆಯೂ ಗೆರೆಯೇ.

ಮೂರನೆಯದು, ಕೆಲಸ ಹಿಡಿಯುವ ಮೊದಲು ದರ, ಮುಂಗಡ, ಮುಗಿಸುವ ದಿನ ಬರೆದಿಟ್ಟುಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹಣ ಕೊಟ್ಟು ಬರೆಸಿದ ಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಬರೆಸಿದವರದೇ ಆಗುತ್ತದೆ. ಒಂದು ಸಾಲಿನ ಕರಾರು ಮಾಡದೆ ಹೋದರೆ ನಿಮ್ಮ ಚಿತ್ರ ಸಾವಿರ ಪ್ರತಿ ಅಚ್ಚಾದರೂ ನೀವು ಕೇಳುವ ಹಾಗಿಲ್ಲ.

ಆ ಪಾಲಕರಿಗೆ ನಾನು ಹೇಳಿದ್ದು ಇಷ್ಟೇ: "ಹತ್ತನೇತ್ತೆ ಓದು ಬಿಡಿಸಬ್ಯಾಡ್ರಿ, ಕುಂಚಾನೂ ಕಸಗೋಬ್ಯಾಡ್ರಿ." ಮರುದಿನ ಹುಡುಗ ಹೊಸ ಬಣ್ಣದ ಡಬ್ಬಿ ಹಿಡಿದು ಶಾಲೆಗೆ ಬಂದ.